ಬಳೆಗಾರ್ತಿಯ ತರ್ಜುಮೆ

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಹೊಸತು. ಬಾಗಲಕೋಟೆ ಕಡೆಯ ನನಗೆ ಔರಾದಿನಲ್ಲಿ ಕನ್ನಡ ಮಾಸ್ತರಿಕೆ ಸಿಕ್ಕಿತ್ತು; ಉರ್ದು, ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಭಾಲ್ಕಿಯಿಂದ ಹೊರಟ ಎತ್ತಿನ ಬಂಡಿಯಲ್ಲಿ ನನ್ನ ಜೊತೆಗಿದ್ದವಳು ಬೀದರಿನಲ್ಲಿ ಬಳೆ ಮಾರುವ ಮುಸಲ್ಮಾನ ಮುದುಕಿ. ನನ್ನ ಟ್ರಂಕಿನ ತುಂಬ ಮಕ್ಕಳ ಪುಸ್ತಕಗಳೆಂದು ಅವಳಿಗೆ ಹೇಳಿದ್ದೆ.

ದಾರಿಯಲ್ಲಿ ಸೈನಿಕರು ತಡೆದರು. ನನ್ನ ಟ್ರಂಕಿನ ಬೀಗ ತುಕ್ಕು ಹಿಡಿದು ತೆರೆಯಲಿಲ್ಲ. ಒಬ್ಬ ಅದನ್ನು ಬಂದೂಕಿನ ಹಿಡಿಯಿಂದ ಒಡೆಯಲು ಬಂದಾಗ ಸಿಟ್ಟು ನೆತ್ತಿಗೇರಿ, "ಪೆಟ್ಟಿಗಿ ಮುಟ್ಟಿದರ ಕೈ ಮುರೀತೇನಿ" ಎಂದುಬಿಟ್ಟೆ. ನನ್ನ ಮಾತು ತಿಳಿಯದೆ ಅವರ ಅಧಿಕಾರಿ ಮುದುಕಿಯನ್ನು ಏನೋ ಕೇಳಿದ. ಅವಳು ಮೆಲ್ಲಗೆ ಉತ್ತರಿಸಿದಳು. ಆತ ಸೈನಿಕನನ್ನು ಹಿಂದೆ ಸರಿಸಿ, ತಾನೇ ಚಾಕುವಿನಿಂದ ಬೀಗ ಬಿಡಿಸಿ, ಒಳಗಿನ ಪುಸ್ತಕಗಳನ್ನು ನೋಡಿ ನಮ್ಮನ್ನು ಬಿಟ್ಟ.

ಬಂಡಿ ಸಾಗಿದ ಮೇಲೆ, "ಏನ್ ಹೇಳಿದ್ರಿ ಅವಗ?" ಎಂದೆ.

"ಒಳಗ ಮಕ್ಕಳ ಪುಸ್ತಕ ಅದಾವ, ಜ್ವಾಕಿಲೆ ತೆಗೀರಿ ಅಂತಾರ ಅಂದೀನ್ರಿ."

"ನಾ ಹಂಗ ಅಂದಿಲ್ಲಲ್ಲ."

"ಮನಸಿನಾಗ ಇದ್ದದ್ದು ಅದೇ ಅಲ್ಲೇನ್ರಿ? ಸಿಟ್ಟೊಂದು ಬಿಟ್ಟೀನಿ."

ಆ ದಿನಗಳಲ್ಲಿ ನನಗಿಂತ ಹೆಚ್ಚು ಹೆದರಬೇಕಾದವಳು ಅವಳೇ. ಆದರೂ ನನಗಾಗಿ ಬಾಯಿ ತೆರೆದಳು. ಇಳಿಯುವಾಗ ಅವಳಿಗೆ ನಮಸ್ಕರಿಸಿದೆ.

ಮುಂದೆ ತರಗತಿಯಲ್ಲಿ ರಾಜತಾಂತ್ರಿಕತೆ ಎಂದರೇನೆಂದು ಮಕ್ಕಳು ಕೇಳಿದಾಗೆಲ್ಲ ಈ ಸಂಗತಿಯನ್ನೇ ಹೇಳಿದೆ. ಮಾಸ್ತರರು ಪಾಠ ಬಿಟ್ಟು ಕತೆ ಹೇಳುತ್ತಾರೆ ಎಂದು ಶಾಲಾ ಇನ್‌ಸ್ಪೆಕ್ಟರರು ಷರಾ ಬರೆದರು. ಆ ಪದಕ್ಕೆ ಬೇರೆ ಅರ್ಥ ನನಗೆ ಗೊತ್ತಿದ್ದರೆ ತಾನೇ ಹೇಳುವುದು.