ಸ್ವಿಚ್ ಕಾಣದೆ ಸ್ವಿಚ್ ಕಲಿಸಿದ ಅಕ್ಕೋರು

ಹೋದ ವಾರ ಸಂಶಿಯಲ್ಲಿ ಬಸ್ಸು ಹತ್ತಿದಾಗ ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಬಂದು ಕುಳಿತರು. ಅವರು ಸೆರಗು ಸರಿಮಾಡಿಕೊಳ್ಳುತ್ತಿದ್ದಂತೆ ಕರ್ಪೂರ ಹಾಕಿ ಕಾಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಮೊಣಕಾಲಿಗೋ ಭುಜಕ್ಕೋ ತಿಕ್ಕಿಕೊಂಡು ಹೊರಟಿರಬೇಕು. ಬೇರೆಯವರಿಗೆ ಆ ವಾಸನೆಯಿಂದ ಯಾರದೋ ಬಾಣಂತನ, ಯಾರದೋ ಮುಪ್ಪು ನೆನಪಾಗಬಹುದು. ನನಗೆ ನೆನಪಾದದ್ದು ಒಂದು ಕೀಬೋರ್ಡು. ಅಕ್ಷರಗಳು ಅರ್ಧ ಅಳಿಸಿಹೋದ, ಎಣ್ಣೆ ಬೆರಳು ಹತ್ತಿ ಹತ್ತಿ ಕೀಲಿಗಳೆಲ್ಲ ಮಿರುಗುತ್ತಿದ್ದ ಹಳೆಯ ಕೀಬೋರ್ಡು... ಕುಂದಗೋಳ ಬರುವವರೆಗೂ ನಾನು ಕಿಟಕಿಯಾಚೆ ನೋಡುತ್ತಲೇ ಇದ್ದೆ, ಏನನ್ನೂ ನೋಡಲಿಲ್ಲ.

ಆ ಕೀಬೋರ್ಡಿನ ಒಡತಿಯನ್ನು ಊರವರೆಲ್ಲ ಅಕ್ಕೋರು ಅನ್ನುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಹಾಗೆಯೇ ಅನ್ನುವುದು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರಂತೆ. ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗಲೇ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಕಾಲು ಅಷ್ಟಿಷ್ಟು ತಿರುಗಿ ಬಂತು, ಕೈ ಬರಲಿಲ್ಲ. ಆ ಕೈಗೆ ದಿನಾ ಎಡಗೈಯಿಂದ ಕರ್ಪೂರದ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನೌಕರಿ ಬಿಟ್ಟು ಮನೆ ಹಿಡಿದರು. ನಾನು ಕುಬಿಹಾಳದಿಂದ ಮದುವೆಯಾಗಿ ಸಂಶಿಗೆ ಬಂದಾಗ ಅವರ ಮನೆ ನಮ್ಮ ಮನೆಗೆ ಗೋಡೆಗೆ ಗೋಡೆ. ಅವರೂ, ಅವರ ಯಜಮಾನರೂ ಇಬ್ಬರೇ. ಯಜಮಾನರನ್ನು ನಾನು ಕಾಕಾ ಅನ್ನುತ್ತಿದ್ದೆ.

ನನ್ನದೊಂದು ಗುಟ್ಟಿತ್ತು. ಕಂಪ್ಯೂಟರ್ ಡಿಪ್ಲೊಮಾದಲ್ಲಿ ಒಂದು ವಿಷಯ ಉಳಿದಿತ್ತು: ನೆಟ್‌ವರ್ಕ್. ಎರಡು ಸಲ ಕೂತಿದ್ದೆ, ಎರಡು ಸಲವೂ ಫೇಲು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಹಬ್, ಸ್ವಿಚ್, ರೂಟರ್ ಎಂಬ ಡಬ್ಬಿಗಳು ಅಂದರೆ ಏನು ಎಂದು ಕೇಳಿದರೆ ಪುಸ್ತಕದ ಮೂರು ವಾಕ್ಯ ಬಾಯಿಪಾಠ ಒಪ್ಪಿಸುತ್ತಿದ್ದೆ. ನಾಲ್ಕನೆಯ ವಾಕ್ಯ ಕೇಳಿದರೆ ಮುಗಿಯಿತು. ಇನ್ನೊಂದೇ ಸಲ ಅವಕಾಶವಿತ್ತು. ಆಮೇಲೆ ಮೂರು ವರ್ಷದ ಓದು ನೀರಿನಲ್ಲಿ ಹೋದಂತೆಯೇ. ಮೊಸರಿಗೆ ಹೆಪ್ಪು ಕೇಳಲು ಹೋದ ದಿನ ಅಕ್ಕೋರ ಪಡಸಾಲೆಯಲ್ಲಿ ಕಂಪ್ಯೂಟರ್ ಕಂಡು ಇದನ್ನೆಲ್ಲ ಹೇಳಿಬಿಟ್ಟೆ. ಯಾಕೆ ಹೇಳಿದೆನೋ ತಿಳಿಯದು.

ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಕೂಡು. ಮೌಸ್ ನೀ ಹಿಡಿ. ನನ್ನ ಎಡಗೈ ಭಾಳ ಸಾವಕಾಶ ಹೋಗ್ತೈತಿ" ಅಂದರು.

ಪರದೆಯ ಮೇಲೆ ಬಿಳಿ ಬಯಲು. ಮೂಲೆಯಲ್ಲಿ ಸಾಲಾಗಿ ಪುಟ್ಟ ಚಿತ್ರಗಳು. ಒಂದು ಹಬ್ ಎಳೆದು ತಂದು ನಡುವೆ ಇಡಿಸಿದರು. ಸುತ್ತಲೂ ನಾಲ್ಕು ಕಂಪ್ಯೂಟರ್ ಇಡಿಸಿ ಗೆರೆ ಎಳೆಸಿದರು. ಅದು ನೆಟ್‌ವರ್ಕಿನ ಅಣಕು ಮಾಡಿ ತೋರಿಸುವ ಸಾಫ್ಟ್‌ವೇರು. ಒಂದು ಬಟನ್ ಒತ್ತಿದರೆ ಕಣ್ಣಿಗೆ ಕಾಣದ ಮಾಹಿತಿಯೆಲ್ಲ ಬಣ್ಣದ ಲಕೋಟೆಯಾಗಿ ಗೆರೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತಿತ್ತು.

"ಒಂದನೇದರಿಂದ ಮೂರನೇದಕ್ಕ ಕಳಸಾಕತ್ತೀವಿ. ಒತ್ತೂಕಿಂತ ಮೊದಲ ಹೇಳು, ಲಕೋಟಿ ಎಲ್ಲಿ ಹೋಗ್ತೈತಿ?"

"ಮೂರನೇದಕ್ರಿ."

"ಒತ್ತು."

ಲಕೋಟೆ ಹಬ್ಬಿಗೆ ಹೋಯಿತು. ಅಲ್ಲಿಂದ ಒಂದಲ್ಲ, ಮೂರಾಗಿ ಹೊರಬಿತ್ತು. ಎರಡು ಕಂಪ್ಯೂಟರುಗಳು ತಮ್ಮದಲ್ಲವೆಂದು ಬಿಸಾಕಿದವು, ಅವುಗಳ ಮೇಲೆ ಕೆಂಪು ಗುರುತು ಮೂಡಿತು. ಒಂದರ ಮೇಲೆ ಮಾತ್ರ ಹಸಿರು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಮೂರು ವರ್ಷ ಓದಿದ ವಾಕ್ಯ ಅದು, 'ಹಬ್ ಎಲ್ಲ ಕಡೆಗೂ ಕಳಿಸುತ್ತದೆ' ಎಂದು. ಅದು ಹೀಗೆ ನಡೆಯುತ್ತದೆಂದು ಯಾರೂ ಹೇಳಿರಲಿಲ್ಲ.

"ಅಂದ್ರ ಊರಾಗ ಡಂಗುರ ಸಾರಿದಂಗಲ್ರಿ?" ಅಂದೆ.

"ಹೋಲಿಕಿ ಬ್ಯಾಡವಾ" ಅಂದರು. "ಹೋಲಿಕಿ ಸಿಕ್ಕ ಕೂಡ್ಲೆ ನೋಡೂದು ಬಿಟ್ಟಬಿಡ್ತೀವಿ. ಅದು ಏನು ಮಾಡ್ತು, ಅಷ್ಟ ಹೇಳು."

ಮರುದಿನ ಹಬ್ ತೆಗೆಸಿ ಸ್ವಿಚ್ ಇಡಿಸಿದರು. ಸ್ವಿಚ್ ಕೂಡ ಮೊದಲ ಸಲ ಎಲ್ಲ ಕಡೆಗೂ ಕಳಿಸಿತು. ನಾನು ಜಾಣೆಯಂತೆ, "ಅಕ್ಕೋರ, ಇದೂ ಹಬ್ಬಿನಂಗ ಮಾಡ್ತಲ್ರಿ!" ಅಂದೆ. ಅವರು ಸ್ವಿಚ್ಚಿನ ಹೊಟ್ಟೆಯೊಳಗಿನ ಪಟ್ಟಿಯನ್ನು ತೆರೆಸಿದರು. ಖಾಲಿಯಿದ್ದ ಪಟ್ಟಿಯಲ್ಲಿ ಎರಡು ಸಾಲು ಮೂಡಿದ್ದವು. ಕಳಿಸಿದವರು ಯಾವ ಬಾಗಿಲಿನಿಂದ ಬಂದರು, ಉತ್ತರ ಕೊಟ್ಟವರು ಯಾವ ಬಾಗಿಲಿನಿಂದ ಬಂದರು ಎಂದು ಅದು ತನ್ನಷ್ಟಕ್ಕೆ ಬರೆದುಕೊಂಡಿತ್ತು. "ಈಗ ಮತ್ತೊಮ್ಮೆ ಕಳಸು" ಅಂದರು. ಈ ಸಲ ಲಕೋಟೆ ನೆಟ್ಟಗೆ ಮೂರನೆಯದಕ್ಕೆ ಹೋಯಿತು. ಉಳಿದ ಎರಡಕ್ಕೆ ಸುದ್ದಿಯೇ ಇಲ್ಲ. ಯಾರೂ ಕಲಿಸದೆ, ಸುಮ್ಮನೆ ಬಂದು ಹೋಗುವವರನ್ನು ನೋಡಿ ನೋಡಿ ಕಲಿತ ಆ ಡಬ್ಬಿಯ ಮೇಲೆ ನನಗೆ ಏನೋ ಗೌರವ ಹುಟ್ಟಿತು. ಅಕ್ಕೋರು ನನ್ನ ಮುಖ ನೋಡಿ, "ನನಗೂ ಹಿಂಗಽ ಆಗಿತ್ತು" ಎಂದಷ್ಟೇ ಅಂದರು.

ರೂಟರಿಗೆ ಹದಿನೈದು ದಿನ ಹಿಡಿಯಿತು. ಎರಡು ಬೇರೆ ನೆಟ್‌ವರ್ಕು, ನಡುವೆ ರೂಟರ್. ಮೊದಲ ಲಕೋಟೆ ದಾರಿಯಲ್ಲೇ ಸತ್ತುಹೋಯಿತು. ನಾನೇ ಏನೋ ತಪ್ಪು ಮಾಡಿದೆನೆಂದು ಎಲ್ಲ ಅಳಿಸಲು ಹೊರಟೆ. ಅಕ್ಕೋರು ಎಡಗೈ ನನ್ನ ಕೈ ಮೇಲಿಟ್ಟು ತಡೆದರು. "ಅಳಸಬ್ಯಾಡ. ಅದು ಮುಂದಿನವರ ಗುರ್ತು ಕೇಳಾಕ ಹೋಗಿತ್ತು, ಅಷ್ಟರಾಗ ಹೊತ್ತಾತು. ಇನ್ನೊಮ್ಮೆ ಕಳಸು." ಎರಡನೆಯದು ಹೋಯಿತು, ಉತ್ತರ ಹೊತ್ತು ತಿರುಗಿಯೂ ಬಂತು. ಅಂದು ಮನೆಗೆ ಬಂದು ರೊಟ್ಟಿ ಬಡಿಯುತ್ತ ಕೂತಾಗಲೂ ಕಣ್ಣ ಮುಂದೆ ಲಕೋಟೆಗಳೇ.

ಒಂದು ದಿನ ಬೇಕೆಂದೇ ಕೆಡಿಸಿ ತೋರಿಸಿದರು. ಎರಡು ಸ್ವಿಚ್ಚುಗಳ ನಡುವೆ ಒಂದಲ್ಲ, ಎರಡು ತಂತಿ ಎಳೆಸಿ, ಲಕೋಟೆ ಸುತ್ತು ಹೊಡೆಯದಂತೆ ತಡೆಯುವ ವ್ಯವಸ್ಥೆಯನ್ನು ಬಂದ್ ಮಾಡಿಸಿ, ಒಂದೇ ಒಂದು ಲಕೋಟೆ ಬಿಡಿಸಿದರು. ಅದು ಒಂದು ತಂತಿಯಿಂದ ಹೋಗಿ ಇನ್ನೊಂದರಿಂದ ತಿರುಗಿ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಎರಡಾಯಿತು, ನಾಲ್ಕಾಯಿತು. ಕೊನೆಗೆ ಪರದೆ ತುಂಬ ಲಕೋಟೆಗಳೇ, ಒಂದೂ ಮುಟ್ಟುವಲ್ಲಿಗೆ ಮುಟ್ಟಲಿಲ್ಲ. "ಯಾರೂ ವೈರಿ ಇಲ್ಲ ನೋಡು ಇಲ್ಲೆ. ಒಂದು ವೈರ್ ಹೆಚ್ಚಾತು ಅಷ್ಟ" ಅಂದರು.

ಮೂರನೆಯ ಸಲ ಪಾಸಾದೆ. ತಾಲೂಕಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ತಾತ್ಕಾಲಿಕ ಕೆಲಸವೂ ಸಿಕ್ಕಿತು. ಸೇರಿ ಎರಡು ತಿಂಗಳಾಗಿರಲಿಲ್ಲ, ಅಲ್ಲಿ ನರ್ಸಿಂಗ್ ಸೇರುವವರಿಗೆ ಕಂಪ್ಯೂಟರಿನ ಮೇಲೆ ಪರೀಕ್ಷೆ ಇಟ್ಟರು. ಹತ್ತು ಗಂಟೆಗೆ ಪರೀಕ್ಷೆ. ಒಂಬತ್ತಕ್ಕೆ ನಾನು ಲ್ಯಾಬ್ ತೆರೆದಾಗ ಒಂದು ಕಂಪ್ಯೂಟರೂ ಪ್ರಶ್ನೆಪತ್ರಿಕೆಯಿದ್ದ ಸರ್ವರ್ ಯಂತ್ರಕ್ಕೆ ಮುಟ್ಟುತ್ತಿಲ್ಲ. ಕಿಟಕಿಯಲ್ಲಿ ನೋಡಿದರೆ ಮೊದಲ ಬಸ್ಸಿಗೆ ಬಂದ ಹುಡುಗಿಯರು ಮೆಟ್ಟಿಲ ಮೇಲೆ ಸಾಲಾಗಿ ಕೂತು ಓದುತ್ತಿದ್ದರು. ಒಬ್ಬಳು ದೂರದ ತಿರ್ಲಾಪುರದವಳು, ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿದಿದ್ದಳಂತೆ. ಪರೀಕ್ಷೆ ರದ್ದಾದರೆ ಅವರಿಗೆಲ್ಲ ಒಂದು ವರ್ಷ ಹೋಯಿತು. ಪ್ರಿನ್ಸಿಪಾಲರು ಬಂದು, "ಏನ್ರಿ, ಆಗ್ತೈತೋ ಇಲ್ಲೋ? ಆಗಲಿಲ್ಲಂದ್ರ ಈಗಽ ಹೇಳ್ರಿ" ಅಂದರು. ಅಕ್ಕೋರಿಗೆ ಫೋನ್ ಹಚ್ಚಿ ಅಳುತ್ತಲೇ ಎಲ್ಲ ಹೇಳಿದೆ.

"ಅಳಬ್ಯಾಡ, ಸ್ವಿಚ್ಚಿನ ಮ್ಯಾಗಿನ ದೀಪ ಹೆಂಗ ಅದಾವ ಹೇಳು" ಅಂದರು.

"ಎಲ್ಲಾ ಒಮ್ಮೆಲೆ ಮಿಣಕಾಕತ್ತಾವ್ರಿ. ಅಗದಿ ಜೋರ. ನಿಲ್ಲವಲ್ಲವು."

ಅಕ್ಕೋರು ಕೇಳಿದರು, "ಸ್ವಿಚ್ ಎಷ್ಟು?"

"ಎರಡ್ರಿ."

"ನಡುವ ವೈರ್ ಎಷ್ಟು?"

"ಒಂದಽ ರೀ."

"ಕಣ್ಣಿಂದ ನೋಡಿ ಹೇಳಬ್ಯಾಡ. ಕೈಯಾಗ ಹಿಡಕೊಂಡು ಈ ತುದಿಯಿಂದ ಆ ತುದಿತನಾ ಹೋಗು."

ಮೇಜಿನ ಕೆಳಗೆ ಮೊಣಕಾಲೂರಿ ಒಂದೊಂದೇ ತಂತಿ ಹಿಡಿದು ಹೋದೆ. ಮೊದಲನೆಯದು ಸರಿಯಿತ್ತು. ಆಮೇಲೆ ಒಂದು ನೀಲಿ ತಂತಿ. ಈ ಸ್ವಿಚ್ಚಿನಿಂದ ಹೊರಟು, ಮೇಜಿನ ಕಾಲು ಸುತ್ತಿ, ಗೋಡೆಗುಂಟ ಹೋಗಿ, ಆ ಸ್ವಿಚ್ಚಿನಲ್ಲಿ ಕೂತಿತ್ತು. ಅದನ್ನು ಕಂಡದ್ದೇ ನೆನಪಾಯಿತು. ಹಿಂದಿನ ಸಂಜೆ ಕಸ ಗುಡಿಸುವಾಗ ತುದಿಯೊಂದು ಜೋತುಬಿದ್ದಿತ್ತು. ಪರೀಕ್ಷೆಯ ದಿನ ಚಂದ ಕಾಣಲೆಂದು ಖಾಲಿಯಿದ್ದ ಕಿಂಡಿಗೆ ಸಿಗಿಸಿಬಿಟ್ಟಿದ್ದೆ. ನಾನೇ.

"ಸಿಕ್ತ್ರಿ ಅಕ್ಕೋರ... ನಾನಽ ಹಾಕೀನ್ರಿ ಇದನ್ನ."

"ಛಲೋ ಆತು, ಯಾರು ಹಾಕಿದ್ರು ಅಂತ ಹುಡುಕೂದು ತಪ್ಪಿತು. ತಗಿ."

ತೆಗೆದೆ. ಹುಚ್ಚೆದ್ದು ಮಿಣುಕುತ್ತಿದ್ದ ದೀಪಗಳು ಗಕ್ಕನೆ ನಿಂತವು, ಆಮೇಲೆ ಒಂದೊಂದಾಗಿ ತಮ್ಮ ತಮ್ಮ ಪಾಡಿಗೆ ಮಿಟುಕತೊಡಗಿದವು. ಪ್ರಿನ್ಸಿಪಾಲರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, "ಮೊದಲ ಹುಡುಗ್ಯಾರನ್ನ ಒಳಗ ಕರೀರಿ" ಅಂದರು. ಪರೀಕ್ಷೆ ಹೊತ್ತಿಗೆ ಸರಿಯಾಗಿ ಶುರುವಾಯಿತು.

ಸಂಜೆ ಬಸ್ಸಿಳಿದು ನೇರ ಅಕ್ಕೋರ ಮನೆಗೇ ಹೋದೆ. "ಸ್ವಿಚ್‌ದಾಗ ಎಷ್ಟು ವರ್ಷ ಕೆಲಸಾ ಮಾಡೀರಿ ಅಕ್ಕೋರ? ಮನಿಯಾಗ ಕುಂತು ಹೆಂಗ ಹೇಳಿದ್ರಿ?" ಎಂದು ಕೇಳಿದೆ.

ಅವರು ಆಶ್ಚರ್ಯದಿಂದ ನನ್ನ ಮುಖ ನೋಡಿದರು. "ಕೆಲಸಾ ಎಲ್ಲಿ ಬಂತು? ಸ್ವಿಚ್ ಅಂಬೂದನ್ನ ನಾ ಕಣ್ಣಿಂದ ನೋಡೇ ಇಲ್ಲ."

ಲಕ್ವಾ ಹೊಡೆದ ಮೇಲೆ ಹೊತ್ತು ಹೋಗದೆ ಒಂದು ಪುಸ್ತಕ ತರಿಸಿ, ಆ ಸಾಫ್ಟ್‌ವೇರ್ ಹಾಕಿಸಿಕೊಂಡು, ಎಡಗೈಯಲ್ಲಿ ಒಂದೊಂದೇ ಕೀಲಿ ಒತ್ತಿ ಕಲಿತದ್ದಂತೆ. ಹಬ್ಬು, ಸ್ವಿಚ್ಚು, ರೂಟರು... ಎಲ್ಲವೂ ಅವರಿಗೆ ಆ ಬಿಳಿ ಬಯಲಿನ ಚಿತ್ರಗಳೇ. ಅಷ್ಟರಿಂದಲೇ ಅವರು ಬೇರೊಂದು ಊರಿನ, ತಾವು ಕಾಲಿಡದ ಕೋಣೆಯ ಮೇಜಿನ ಕೆಳಗಿದ್ದ ತಂತಿಯನ್ನು ಕಂಡಿದ್ದರು.

ಮುಂದಿನ ರವಿವಾರ ಪ್ರಿನ್ಸಿಪಾಲರನ್ನು ಕೇಳಿ ಕೀಲಿ ಇಸಿದುಕೊಂಡು, ಕಾಕಾನೂ ನಾನೂ ಅವರನ್ನು ಟಂಟಂ ಆಟೋ ಮಾಡಿಕೊಂಡು ಲ್ಯಾಬಿಗೆ ಕರೆದೊಯ್ದೆವು. ಹೊಸ ಸೀರೆ ಉಟ್ಟಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು, ಬಿಡಬೇಕಿಲ್ಲವೆಂದರೂ ಕೇಳಲಿಲ್ಲ. ಸ್ವಿಚ್ ತೋರಿಸಿದೆ, ರೂಟರ್ ತೋರಿಸಿದೆ. ಹತ್ತಿರ ಹೋಗಿ ಬಾಗಿ ನೋಡಿದರು. ಆಮೇಲೆ ಎಡಗೈ ಚಾಚಿ ರೂಟರಿನ ಮೇಲೆ ಅಂಗೈ ಇಟ್ಟರು.

"ಬಿಸಿ ಐತಲ್ಲ!" ಅಂದರು.

"ಚಾಲೂ ಐತಲ್ರಿ, ಅದಕ್ಕ."

"ಸಪ್ಪಳಾನೂ ಮಾಡ್ತೈತಿ..." ಕಿವಿ ಹತ್ತಿರ ತಂದು ಕೇಳಿದರು. ಕಾಕಾನ ಕಡೆ ತಿರುಗಿ, "ಕೇಳ್ರಿ ಇಲ್ಲೆ. ಇದು ನನಗ ಗೊತ್ತಿರಲಿಲ್ಲ" ಅಂದರು. ಅವರ ಕಣ್ಣು ತುಂಬಿದ್ದವು. ಎಲ್ಲ ಬಲ್ಲವರೆಂದು ನಾನು ತಿಳಿದಿದ್ದ ಹೆಂಗಸು, ತಮಗೆ ಗೊತ್ತಿರದ ಒಂದು ಬಿಸಿಯ ಮುಂದೆ ಹಾಗೆ ನಿಂತದ್ದನ್ನು ನೋಡಿ ನಾನೂ ಪಕ್ಕದಲ್ಲಿ ಅಂಗೈ ಇಟ್ಟೆ. ಒಂದು ತಾಸು ಇದ್ದರು. ಸಾಲು ಸಾಲಾಗಿ ನಡೆದು, ಹಿಂದಿನ ಮೂಲೆಯವರೆಗೂ ಒಬ್ಬರೇ ಹೋಗಿ ಎಲ್ಲ ನೋಡಿದರು. ಹೊರಡುವಾಗ, "ಕಂಪ್ಯೂಟರ್ ಎಷ್ಟವಾ?" ಅಂದರು. ನಲವತ್ತು ಅಂದೆ. ತಲೆಯಾಡಿಸಿದರು.

ಆ ಚಳಿಗಾಲ ಅವರಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ನಾಲ್ಕು ದಿನ ಇದ್ದರು, ಮಾತು ತಿರುಗಿ ಬರಲೇ ಇಲ್ಲ... ಹೋಗಿಬಿಟ್ಟರು.

ತಿಂಗಳ ಮೇಲೆ ಕಾಕಾ ನನ್ನನ್ನು ಕರೆದು, "ಆ ಕಂಪ್ಯೂಟರ್‌ದಾಗ ಆಕೀದು ಏನರ ಐತೇನು ನೋಡವಾ, ನನಗ ತಿಳಿಯಂಗಿಲ್ಲ" ಅಂದರು. ತೆರೆದೆ. ಕೊನೆಯ ಕಡತ ನಾವು ಲ್ಯಾಬಿಗೆ ಹೋಗಿ ಬಂದ ವಾರದ್ದು. ಅದರಲ್ಲಿ ನಮ್ಮ ಲ್ಯಾಬ್ ಇತ್ತು, ಪೂರಾ. ಎರಡು ಸ್ವಿಚ್ಚು, ರೂಟರು, ಸರ್ವರು, ಯಾವ ಮೇಜಿನ ಕಂಪ್ಯೂಟರ್ ಯಾವ ಸ್ವಿಚ್ಚಿಗೆ ಎಂಬುದರ ಸಮೇತ. ಒಂದೇ ಕೈಯಲ್ಲಿ, ಒಂದೊಂದಾಗಿ ಎಳೆದು ಇಟ್ಟದ್ದು.

ಎಣಿಸಿದೆ. ನಲವತ್ತೊಂದಿದ್ದವು. ಒಂದು ಹೆಚ್ಚಿಗೆ, ಹಿಂದಿನ ಮೂಲೆಯಲ್ಲಿ, ಯಾವುದಕ್ಕೂ ತಂತಿಯಿಲ್ಲದೆ. ಅವರು ತಪ್ಪಿದರೆಂದೇ ತಿಳಿದೆ. ಮರುದಿನ ಲ್ಯಾಬಿಗೆ ಹೋಗಿ ಆ ಮೂಲೆಗೆ ನಡೆದೆ. ಬಟ್ಟೆಯ ಮುಸುಕು ಹಾಕಿದ್ದ ಏನೋ ಇತ್ತು. ಎತ್ತಿ ನೋಡಿದರೆ ಕೆಟ್ಟು ನಿಂತ ಒಂದು ಹಳೆಯ ಕಂಪ್ಯೂಟರು. ದಿನಾ ಅದರ ಮುಂದೆಯೇ ಓಡಾಡಿದ್ದೆ, ಒಮ್ಮೆಯೂ ಮುಸುಕು ಎತ್ತಿರಲಿಲ್ಲ.

ಈ ವರ್ಷ ಆ ಲ್ಯಾಬ್ ಬಿಚ್ಚಿ ಹೊಸದು ಮಾಡಿದರು. ಹಳೆಯ ಸ್ವಿಚ್ಚು, ಹಳೆಯ ತಂತಿ ಎಲ್ಲ ಗುಜರಿಗೆ ಹೋದವು. ಆ ಕೋಣೆ ಇದ್ದ ಹಾಗೆ ಈಗ ಉಳಿದಿರುವುದು ಅಕ್ಕೋರು ಬರೆದಿಟ್ಟ ಆ ಕಡತದಲ್ಲಿ ಮಾತ್ರ. ಕಾಕಾನನ್ನು ಕೇಳಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಆಗಾಗ ತೆರೆಯುತ್ತೇನೆ. ನಲವತ್ತು ಅಂದದ್ದು ನನ್ನ ತಪ್ಪು ಅಕ್ಕೋರ, ನೀವು ಎಣಿಸಿದ್ದೇ ಖರೆ ಎಂದು ಒಂದು ಮಾತು ಹೇಳಬೇಕಿತ್ತು... ಹೇಳಲು ಆಗಲಿಲ್ಲ.