ಒತ್ತಿಗೆ ಜಾಗ ಕೊಟ್ಟ ಮೇಡಂ

ಚಳ್ಳಕೆರೆಯ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಅಲ್ಲಿ ಕಂಪ್ಯೂಟರ್ ಕಲಿಸುವ ಮೇಡಂ ಒಬ್ಬರಿದ್ದರು. ಪರದೆಯ ಮೇಲೆ ಕನ್ನಡ ಕಂಡರೆ ಸಾಕು, ಅಕ್ಷರಗಳ ಕೆಳಗೆ ಬೆರಳಾಡಿಸಿ ನೋಡುವರು.

ಕಣ್ಣು ಮಂಜಾದ ಹಿರಿಯರು ಕತೆ ಓದಲೆಂದು ಊರಿನ ಗ್ರಂಥಾಲಯಕ್ಕೆ ದೊಡ್ಡಕ್ಷರದ ಪರದೆಯೊಂದನ್ನು ಮಾಡಿಕೊಡಲು ಅವರು ಒಪ್ಪಿದ್ದರು. ಆದರೆ ಅಕ್ಷರ ಹಿಗ್ಗಿಸಿದಂತೆಲ್ಲ, ಪಠ್ಯ ತೋರಿಸುವ ಸಿದ್ಧ ತಂತ್ರಾಂಶದ ಚೌಕಟ್ಟು ಕೆಳಗಿನ ಒತ್ತುಗಳನ್ನು ಕತ್ತರಿಸಿಬಿಡುತ್ತಿತ್ತು.

"ನೋಡ್ರಿ ಸರ್, ಕತ್ತೆ ಹೋಗಿ ಕತೆ ಆಗೈತೆ."

"ಅಕ್ಷರ ಸ್ವಲ್ಪ ಸಣ್ಣದು ಮಾಡ್ರಿ ಮೇಡಂ," ಎಂದೆ.

"ಸಣ್ಣದು ಮಾಡಿದ್ರೆ ಓದೋರ್ಯಾರು? ಚೌಕಟ್ಟನ್ನೇ ಹೊಸದಾಗಿ ಬರೀತೀನಿ."

ಬರೆದೇಬಿಟ್ಟರು. ಪ್ರತಿ ಸಾಲಿನ ಒತ್ತು ಎಷ್ಟು ಕೆಳಗಿಳಿಯುತ್ತದೆಂದು ಅಳೆದು, ಆಮೇಲೆ ಮುಂದಿನ ಸಾಲಿಗೆ ಜಾಗ ಮಾಡುವ ಚೌಕಟ್ಟು ಅದು. ಎಷ್ಟೋ ಸಲ ಸಾಲುಗಳು ಒಂದರ ಮೇಲೊಂದು ಬಿದ್ದವು. ಆಗೆಲ್ಲ "ಆಗ್ತೈತೆ ಬಿಡ್ರಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಕೂರುವರು.

ಉದ್ಘಾಟನೆಯ ದಿನ ಪಕ್ಕದ ಹಳ್ಳಿ ನನ್ನಿವಾಳದ ಅಜ್ಜಿಯೊಬ್ಬರನ್ನು ಪರದೆಯ ಮುಂದೆ ಕೂರಿಸಿದೆವು. ಕಣ್ಣು ಕಾಣದೆ ಓದುವುದನ್ನೇ ಬಿಟ್ಟಿದ್ದವರು. ಮೇಡಂ ಪಕ್ಕದಲ್ಲೇ ಒತ್ತುಗಳ ಮೇಲೆ ಕಣ್ಣಿಟ್ಟು ನಿಂತರು.

"ಒಬ್ಬ ಅತ್ತೆಗೆ ಇಬ್ಬರು ಸೊಸೆಯಂದಿರು," ಎಂದು ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿದರು. ಎರಡನೆಯ ಸಾಲಿಗೆ ದನಿ ಏರಿತು. ಮೂರನೆಯದಕ್ಕೆ ನಗುವೇ ಬಂತು. ಮೇಡಂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು, ಕಣ್ಣೊರೆಸಿಕೊಂಡು ಮತ್ತೆ ತಟ್ಟಿದರು.

ಸಂಘಟಕರು ಬಂದು, "ಏಳವ್ವ, ಉದ್ಘಾಟನೆಗೆ ಬಂದ ಸಾಹೇಬ್ರ ಭಾಷಣ ಐತೆ," ಎಂದರು.

ಅಜ್ಜಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಇರಪ್ಪ, ಸಣ್ಣ ಸೊಸೆ ಏನ್ ಮಾಡಿದ್ಲೋ ನೋಡ್ತೀನಿ."

ಕತೆ ಮುಗಿಯುವವರೆಗೆ ಭಾಷಣ ಕಾಯಿತು.