ಮುಯ್ಯಿ ಚೆಂಡು

ಹೈದರಾಬಾದಿನ ತರಬೇತಿಯಿಂದ ನಾನು ಎರಡು ಆಸ್ತಿ ಹೊತ್ತು ತಂದೆ. ಒಂದು, ಬಾಸ್ಕೆಟ್‌ಬಾಲ್ ಎಂಬ ಆಟ. ಇನ್ನೊಂದು, ನಮ್ಮ ಉಸ್ತಾದರು ದಿನಾ ಊದಿ ಊದಿ ಕಿವಿಗೆ ತುಂಬಿದ ಮೂರು ಮಾತು: ಮೆಹನತ್, ಹಿಮ್ಮತ್, ಇತ್ತೆಫಾಕ್. ಬೆವರು ಸುರಿಸು, ಬಿದ್ದರೆ ಏಳು, ಒಗ್ಗಟ್ಟಾಗಿರು. ಭಾಲ್ಕಿಯ ಶಾಲೆಗೆ ಡ್ರಿಲ್ ಮಾಸ್ತರನಾಗಿ ಬಂದವನೇ ಮೈದಾನದ ಗೋಡೆಯ ಮೇಲೆ ಇವನ್ನು ದಪ್ಪ ಅಕ್ಷರದಲ್ಲಿ ಬರೆಸಿದೆ. ಮರುದಿನದಿಂದ ಊರಿನ ಆಡುಗಳು ಆ ಗೋಡೆಯ ನೆರಳಿನಲ್ಲಿ ಬಹಳ ಒಗ್ಗಟ್ಟಿನಿಂದ ಮಲಗತೊಡಗಿದವು.

ಬುಟ್ಟಿ ಕಟ್ಟುವ ಕಂಬಗಳಿಗಾಗಿ ನಾನು ಬೇಡದ ಬಾಗಿಲಿಲ್ಲ. ಕೊನೆಗೆ ಕಮಲನಗರದ ಒಬ್ಬ ಪುಣ್ಯಾತ್ಮ ಎರಡು ಸಾಗುವಾನಿ ತೊಲೆ ಕೊಟ್ಟ. ಎತ್ತಿನ ಬಂಡಿಯಲ್ಲಿ ಅವುಗಳ ಮೇಲೆಯೇ ಕೂತು ಬಂದೆ, ಮದುವೆ ದಿಬ್ಬಣದಂತೆ. ಕಮ್ಮಾರ ಹಳೆಯ ಬಕೆಟ್ಟಿನ ಕಬ್ಬಿಣದಿಂದ ಬುಟ್ಟಿಯ ಬಳೆ ಮಾಡಿ ಕೊಟ್ಟ. ನಮ್ಮ ಹೆಡ್ ಮಾಸ್ತರ್ ಸಾಹೇಬರು ಹೊರಗೆ ಬಂದು ತೊಲೆಗಳನ್ನು ಪ್ರೀತಿಯಿಂದ ಸವರಿದರು. ಅವರಿಗೆ ಆಟ ಕಾಣಲಿಲ್ಲ, ತಮ್ಮ ಎಮ್ಮೆಯ ಚಪ್ಪರ ಕಂಡಿತು.

"ಬೀದರದಾಗ ಪಂದ್ಯ ಅದಲ್ರಿ ಮಾಸ್ತರ? ಗೆದ್ದು ಬರ್ರಿ. ಸೋತ್ರ ಈ ತೊಲಿ ನಮ್ಮ ಮನಿಗಿ," ಎಂದರು.

ತೊಲೆ ಹೋದರೆ ಆಟವೂ ಹೋದಂತೆ. ಆ ಆಟ ಹೋದರೆ ನನಗೆ ಉಳಿಯುವುದು ಮುಂಜಾನೆಯ ಎಡ-ಬಲ, ಎಡ-ಬಲ ಮಾತ್ರ. ಅದನ್ನು ಒದರಲು ಮಾಸ್ತರ ಯಾಕೆ, ಗಿಳಿ ಸಾಕು.

ಹುಡುಗರೋ, ದೇವರೇ ಕಾಪಾಡಬೇಕು! ಚೆಂಡು ಸಿಕ್ಕವನು ಅದನ್ನು ಎದೆಗೆ ಅವಚಿಕೊಂಡು ಕೂತುಬಿಡುತ್ತಿದ್ದ. ನನ್ನ ಇತ್ತೆಫಾಕು ಅವರ ತಲೆಗೆ ಇಳಿಯಲೇ ಇಲ್ಲ. ಕೊನೆಗೆ ತಲೆಕೆಟ್ಟು ಕೇಳಿದೆ: "ಸುಗ್ಗ್ಯಾಗ ಜ್ವಾಳಾ ಒಬ್ಬೊಬ್ರೇ ಕೊಯ್ತೀರೇನಲೇ?"

"ಇಲ್ರಿ. ಮುಯ್ಯಿ ಮಾಡ್ತೇವ್ರಿ. ಇವತ್ತ ನಾವು ಅವರ ಹೊಲಕ್ಕ ಹೋಗ್ತೇವಿ, ನಾಳಿ ಅವರು ನಮ್ಮ ಹೊಲಕ್ಕ ಬರ್ತಾರ."

"ಇದೂ ಅದೇ!" ಎಂದೆ.

ಪವಾಡವೇ ನಡೆಯಿತು. ಚೆಂಡು ಕೈಯಿಂದ ಕೈಗೆ ಹಾರತೊಡಗಿತು. ನಾನು ಉಬ್ಬಿ ಹೋದೆ. ಯಾರು ಕೊಟ್ಟರೋ ಅವರಿಗೇ ಅದು ತಿರುಗಿ ಹೋಗುತ್ತಿದೆಯಲ್ಲ ಎಂಬುದು ನನ್ನಂಥ ತರಬೇತಿ ಪಡೆದ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಬೀದರದಲ್ಲಿ ನಮ್ಮವರು ನಿಜವಾಗಿ ಬೆವರು ಸುರಿಸಿದರು. ಬಿದ್ದರು, ಮಂಡಿ ಒರೆಸಿಕೊಂಡು ಎದ್ದರು. ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಸಮ. ಅಷ್ಟರಲ್ಲಿ ಅವರ ಹುಡುಗನೊಬ್ಬ ಎಡವಿ ಮಣ್ಣು ಮುಕ್ಕಿದ. ಅವನ ಕೈ ಜಾರಿದ ಚೆಂಡು ನೇರವಾಗಿ ನಮ್ಮ ಉದ್ದನೆಯ ಹುಡುಗನ ಕೈಗೆ ಬಂತು. ಔರಾದಿನ ಕಡೆಯ ಹುಡುಗ, ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಬುಟ್ಟಿಯ ಕೆಳಗೇ ನಿಂತಿದ್ದ, ಸುತ್ತ ಯಾರೂ ಇಲ್ಲ.

"ಹಾಕೋ! ಹಾಕೋ ಬುಟ್ಟ್ಯಾಗ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಅವನು ಬಿದ್ದವನನ್ನು ಕೈಹಿಡಿದು ಎಬ್ಬಿಸಿದ. ಚೆಂಡಿನ ಮಣ್ಣು ಅಂಗಿಗೆ ಒರೆಸಿದ. ಮರ್ಯಾದೆಯಿಂದ ಅವನ ಕೈಗೇ ಕೊಟ್ಟ. ಬೀದರದ ಹುಡುಗ ಒಂದು ಗಳಿಗೆ ಬೆಪ್ಪಾದ. ಆಮೇಲೆ ಆ ತುದಿಗೆ ಓಡಿ ಬುಟ್ಟಿಗೆ ಹಾಕಿದ. ಸೀಟಿ ಕೇಳಿಸಿತು, ನಾವು ಸೋತೆವು.

"ಏನ್ ಮಾಡಿದೆಲೇ ಮಾರಾಯ?"

"ಅಂವ ಕೊಟ್ನಲ್ರಿ ಮಾಸ್ತರ, ತಿರುಗಿ ಕೊಡಬೇಕಲ್ರಿ."

"ಅಂವ ಕೊಟ್ಟಿಲ್ಲಲೇ, ಬಿದ್ದಾನ!"

"ಬಿದ್ದು ಕೊಟ್ರೂ ಕೊಟ್ಟಂಗ ಅಲ್ಲೇನ್ರಿ?"

ಉಳಿದವರೂ ತಲೆದೂಗಿದರು. ಪರ ಊರವರದು ಇಟ್ಟುಕೊಂಡರೆ ಚೆಂದ ಕಾಣುತ್ತದೆಯೇ ಎಂದು ನನಗೇ ತಿರುಗಿ ಕೇಳಿದರು. ಇದನ್ನು ಕಲಿಸಿದವನು ನಾನೇ, ಯಾರನ್ನು ಬಯ್ಯಲಿ? ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ.

ಹೆಡ್ ಮಾಸ್ತರ್ ಸಾಹೇಬರ ಮೆಹನತ್ತು ನೋಡಬೇಕಿತ್ತು! ಮರುದಿನವೇ ಗುದ್ದಲಿಯವನನ್ನು ಕರೆಸಿ ಕಂಬದ ಬುಡ ಅಗೆಸಿದರು. ಒಂದು ಕಂಬ ವಾಲಿತ್ತು. ಅಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ಧೂಳೆಬ್ಬಿಸುತ್ತ ಒಂದು ಗುಂಪು ಬಂತು. ಬೀದರದ ತಂಡ, ಮುಂದೆ ಅವರ ಡ್ರಿಲ್ ಮಾಸ್ತರರು.

"ನಿಮ್ಮ ಹುಡುಗ ನಮಗ ಒಂದು ಚೆಂಡು ಕೊಟ್ಟಾನ್ರಿ. ನಮ್ಮ ಹುಡುಗರಿಗಿ ರಾತ್ರಿ ನಿದ್ದಿ ಹತ್ತಿಲ್ಲ. ಮುಯ್ಯಿ ತೀರ್ಸಾಕ ಬಂದೇವ್ರಿ."

ಗುದ್ದಲಿಯವನು ಹೊಲ ಉಳುವ ಒಕ್ಕಲಿಗ. ಮುಯ್ಯಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಯಾರ ಅಪ್ಪಣೆಗೂ ಕಾಯದೆ ಮಣ್ಣನ್ನು ಮತ್ತೆ ಗುಂಡಿಗೆ ತಳ್ಳತೊಡಗಿದ.

"ಏನ್ ನಡ್ಸೀರಿ ಸಾಹೇಬ್ರ?" ಎಂದು ಅತಿಥಿಗಳು ಕೇಳಿದರು.

"ಕಂಬ ಗಟ್ಟಿ ಮಾಡ್ಲಿಕ್ಹತ್ತೇವ್ರಿ," ಎಂದರು ನಮ್ಮ ಸಾಹೇಬರು. ಎಂಥ ಹಿಮ್ಮತ್ತು! ಆಮೇಲೆ ಶರಬತ್ತು ತರಿಸಿ, ಈ ಆಟವನ್ನು ಭಾಲ್ಕಿಗೆ ತಂದದ್ದು ತಾವೇ ಎಂದೂ ಹೇಳಿದರು.

ಬೀದರದ ಆ ಹುಡುಗ ಮೊದಲ ಚೆಂಡನ್ನು ನಮ್ಮ ಔರಾದಿನವನ ಕೈಗೆ ಕೊಟ್ಟು ದೂರ ನಿಂತ. ಇವನು ಬುಟ್ಟಿಗೆ ಹಾಕಿದ. ಎರಡೂ ಊರಿನವರು ಚಪ್ಪಾಳೆ ತಟ್ಟಿದರು. ಉಸ್ತಾದರು ನೋಡಿದ್ದರೆ ಎದೆಯೊಡೆದು ಸಾಯುತ್ತಿದ್ದರು.

ಅವರು ಇಲ್ಲಿಯವರೆಗೆ ಬಂದರಲ್ಲ, ಆ ಮುಯ್ಯಿಗೆ ನಾವು ಬೀದರಕ್ಕೆ ಹೋಗಲೇಬೇಕಾಯಿತು. ನಾವು ಹೋದದ್ದಕ್ಕೆ ಅವರು ಮತ್ತೆ ಬಂದರು. ಗೋಡೆಯ ಮೇಲಿನ ಅಕ್ಷರಗಳು ಮಳೆಗೆ ತೊಳೆದುಹೋದವು. ಕಂಬಗಳು ಮಾತ್ರ ನನಗೆ ಪಿಂಚಣಿ ಆಗುವವರೆಗೂ ನಿಂತಿದ್ದವು, ಸಾಹೇಬರ ಎಮ್ಮೆ ಬಿಸಿಲಲ್ಲೇ ಇತ್ತು.